ಸಾಹೇಬರು ಗ್ಲೌಸು ಹಾಕಿದ ದಿನ

ಜಿಲ್ಲಾಸ್ಪತ್ರೆಯ ಗ್ಲೌಸು ತೊಟ್ಟು ಮುಟ್ಟಿದರೆ ರೋಗಿಯ ನೋವು ಮುಟ್ಟಿದವರದೂ ಆಗುತ್ತಿತ್ತು. ರೋಗಿಗೆ ಆರಾಮಾಗುವ ತನಕ ಬಿಡುತ್ತಿರಲಿಲ್ಲ. ಹಾಗಾಗಿ ದೊಡ್ಡ ಡಾಕ್ಟರುಗಳು ಮುಟ್ಟುವುದನ್ನೇ ಬಿಟ್ಟರು. ಇಡೀ ವಾರ್ಡಿನ ನೋವು ನರ್ಸ್ ಹುಲಿಗೆಮ್ಮನ ಪಾಲಾಯಿತು.

ಅವತ್ತು ಹುಸೇನಪ್ಪಜ್ಜನಿಗೆ ಬೆಳಿಗ್ಗೆಯಿಂದ ಉಚ್ಚೆ ಕಟ್ಟಿ ಹೊಟ್ಟೆ ಗಡಿಗೆಯಾಗಿತ್ತು. ಪೈಪು ಹಾಕಬೇಕು. ಅದಕ್ಕೆ ಸವರುವ ಜೆಲ್ಲಿ ಮಾತ್ರ ಸ್ಪೆಷಲ್ ವಾರ್ಡಿನವರಿಗೆಂದು ಸೂಪರಿಂಟೆಂಡೆಂಟ್ ಸದಾನಂದರ ಕಪಾಟಿನೊಳಗೆ ಬೀಗದಲ್ಲಿತ್ತು.

“ಜನರಲ್ ವಾರ್ಡಿಗ್ಯಾಕ ಜೆಲ್ಲಿ? ಹಂಗ ತುರುಕು,” ಎಂದರು ಅವರು ಬಾಗಿಲಲ್ಲೇ ನಿಂತು.

“ಒಳಗ ಹರಿದು ರಕ್ತ ಬರ್ತೈತ್ರೀ ಸರ. ನಾ ಹಾಕಂಗಿಲ್ಲ.”

“ಸಸ್ಪೆಂಡ್ ಮಾಡ್ತೀನಿ!”

“ಮಾಡ್ರಿ. ಆಮ್ಯಾಲ ಹಾಕೋರು ನೀವ ಅಲ್ಲೇನ್ರಿ?” ಹುಲಿಗೆಮ್ಮ ಗ್ಲೌಸು ಚಾಚಿದಳು.

ಇಡೀ ವಾರ್ಡು ನೋಡುತ್ತಿತ್ತು. ಸಾಹೇಬರು ಬಿರುಸಿನಿಂದ ಗ್ಲೌಸು ತೊಟ್ಟು ಅಜ್ಜನನ್ನು ಮುಟ್ಟಿದರು. ಮರುಕ್ಷಣ ತೊಡೆ ಬಿಗಿಹಿಡಿದು ನೆಲಕ್ಕೆ ಕುಕ್ಕರಿಸಿದರು.

“ಯವ್ವಾ! ಕೀಲಿ ನನ್ನ ಕಿಸೇದಾಗೈತಿ, ತಗೊಂಡು ಓಡು!”

ಹುಲಿಗೆಮ್ಮ ಓಡಿ ಜೆಲ್ಲಿ ತಂದಳು. ಆಮೇಲೆ ನಲ್ಲಿಯ ಹತ್ತಿರ ನಿಂತು ಬೆರಳ ಸಂದಿಗೆಲ್ಲ ಸೋಪು ಹಚ್ಚತೊಡಗಿದಳು.

“ಲಗೂನ ಹಾಕವ್ವ!”

“ಕೈ ತೊಳೀದ ಹಾಕಬಾರದ್ರೀ ಸರ.”

ಮಂಚದ ಮೇಲಿಂದ ಅಜ್ಜ ಬಗ್ಗಿ ಸಾಹೇಬರ ಬೆನ್ನು ಸವರಿದ. “ತಡ್ಕೊಳ್ರೀ ಸಾಹೇಬ್ರ. ನಾ ಬೆಳಿಗ್ಗಿಂದ ತಡ್ಕೊಂಡಿಲ್ಲೇನು?”