ಹೊಸ ತಾಳ

ಹದಿನಾರು ವರ್ಷದ ಸ್ನೇಹದಲ್ಲಿ ಲೋಹಿತ ಬಚ್ಚಿಟ್ಟದ್ದು ಒಂದೇ ಒಂದು ಸಂಗತಿ: ಅವನ ಕಿವಿ ಮಂದವಾಗುತ್ತ ಬಂದಿತ್ತು.

ಮುಚ್ಚಿಹೋದ ಹಿಟ್ಟಿನ ಗಿರಣಿಯಲ್ಲಿ ಅವನೂ ಸೇರಿ ನಾಲ್ವರು ಗೆಳೆಯರು ಕಟ್ಟಿದ ರಾಕ್ ಬ್ಯಾಂಡ್ ಅವರದು. ಈ ಹಾಡು ಯಾರದು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಿದ್ದರು. ಬೇಸ್ ಗಿಟಾರ್ ಲೋಹಿತನದು. ಮೂರು ವರ್ಷಗಳಿಂದ ಅವನು ಬರೀ ಅಂದಾಜಿನ ಮೇಲೆ ಬೆರಳಾಡಿಸುತ್ತಿದ್ದ. ಪ್ರಾಕ್ಟೀಸ್ ಮುಗಿಸಿ ಚಹಾಕ್ಕೆ ಕೂತರೆ, ಉಳಿದವರು ನಕ್ಕದ್ದನ್ನು ನೋಡಿ ತಾನೂ ನಗುತ್ತಿದ್ದ. ಈಚೆಗೆ ಅದೂ ಸಾಕಾಗಿ, ತಲೆನೋವೆಂದು ಹೇಳಿ ಒಬ್ಬನೇ ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದ.

ಹೊಸ ಆಲ್ಬಮ್ ಬಂದಾಗ ಪತ್ರಿಕೆಯೊಂದು ಕೊಂಡಾಡಿತು: 'ನೆಟ್ಟಗೆ ಸಾಗುವ ಹಾಡು ಇದ್ದಕ್ಕಿದ್ದಂತೆ ತಾಳ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ, ಅದೂ ನಾಲ್ವರೂ ಒಟ್ಟಿಗೆ! ಇಂಥ ಪ್ರಯೋಗಕ್ಕೆ ಎದೆಗಾರಿಕೆ ಬೇಕು.'

ಓದಿದ ಲೋಹಿತ ಕಂಗಾಲಾದ. ತಾನು ನುಡಿಸಿದ್ದು ಹಳೆಯ ನೇರ ತಾಳವನ್ನೇ ಎಂದು ಅವನು ನಂಬಿದ್ದ. ಪತ್ರಿಕೆ ನಾಲ್ವರೂ ಎಂದು ಬರೆದಿದ್ದರೂ, ಗೆಳೆಯರು ತನ್ನನ್ನು ಬಿಟ್ಟು ಎಲ್ಲೋ ಮುಂದೆ ಹೋಗಿಬಿಟ್ಟಿದ್ದಾರೆ ಅನ್ನಿಸಿತು.

ಮರುದಿನ ಗಿರಣಿಗೆ ಹೋದವನೇ ಗಿಟಾರನ್ನು ಮೂವರ ಮುಂದೆ ಇಟ್ಟ.

“ನನ್ನ ಬಿಟ್ಬಿಡ್ರೋ. ನಂಗೆ ಕಿವಿ ಕೇಳ್ಸಲ್ಲ. ನೀವೇನೇನೋ ಹೊಸದು ಮಾಡ್ತಿದೀರ, ನಾನಿನ್ನೂ ಹಳೇದ್ರಲ್ಲೇ ಇದೀನಿ.”

ಯಾರೂ ಬೆಚ್ಚಲಿಲ್ಲ. ಡ್ರಮ್ಸ್ ಬಾರಿಸುವ ಮೆಲ್ವಿನ್ ಎದ್ದು ಬಂದು, ಅವನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ:

“ಹೊಸದೇನೂ ಮಾಡಿಲ್ಲ ಕಣೋ. ನೀನು ತಪ್ಪಿದ ಕಡೆಯೆಲ್ಲ ನಾವೂ ತಪ್ಪಿದ್ವಿ, ಅಷ್ಟೇ.”