ಬಿಸಿಲಬೀಗರು

ಕಲಬುರಗಿಯಲ್ಲಿ ಹನ್ನೊಂದರ ಸೈರನ್ ಕೂಗಿದರೆ ಬೀದಿಯಲ್ಲಿದ್ದವರು ಹತ್ತಿರದ ಮನೆ ಸೇರಬೇಕು, ಆ ಮನೆಯವರು ಸಂಜೆಯವರೆಗೆ ನೆರಳು ಕೊಡಬೇಕು. ಅದು ಪಾಲಿಕೆಯ ಕಾನೂನು; ಹಾಗೆ ಬಂದವರನ್ನು ಜನ ಬಿಸಿಲಬೀಗರು ಎನ್ನುತ್ತಾರೆ.

ಅಂದು ಮಾರುಕಟ್ಟೆಯಿಂದ ಬರುವಾಗ ಚಪ್ಪಲಿ ಕಿತ್ತು ತಡವಾದ ಶಿವಗಂಗಮ್ಮನವರಿಗೆ ಹತ್ತಿರ ಸಿಕ್ಕಿದ್ದು ನಿಜವಾದ ಬೀಗರ ಮನೆಯೇ. ಸೀಮಂತದ ಸೀರೆಯ ಮಾತಿಗೆ ಮುನಿದು ಎರಡು ವರ್ಷವಾಗಿತ್ತು. ಮಗಳು ಹೆತ್ತ ಕೂಸನ್ನು ಅವರಿನ್ನೂ ಎತ್ತಿಕೊಂಡಿರಲಿಲ್ಲ.

"ಕಾನೂನಿಗಿ ಬಂದೀನ್ರೀ. ಕರೀಲಾರ್ದ ಬರೂಕಿ ನಾ ಅಲ್ಲ," ಎಂದರು ಹೊಸ್ತಿಲಲ್ಲೇ ನಿಂತು.

ಮಗಳ ಅತ್ತೆ ಮಹಾದೇವಿ ಸೊಂಟದ ಮೇಲಿದ್ದ ಕೂಸನ್ನು ಅವರ ತೋಳಿಗೆ ದಾಟಿಸಿದರು.

"ದಿನಾ ಹನ್ನೊಂದಕ್ಕ ಇಕಿನ್ನ ಎತ್ಕೊಂಡು ಬಾಗಲ್ದಾಗ ನಿಂದರ್ತಿದ್ದೆ, ಬೀಗತಿ. ನೀವs ನಮ್ಮ ಓಣ್ಯಾಗ ಭಾಳ ಬಿರಬಿರ ನಡೀತಿದ್ರಿ."