ಒಂದು ಗುಟುಕು ನೀಲಿ

“ಅಯ್ಯೋ, ಇವಳಿಗೆ ಬಣ್ಣ ಬೇರೆ ಕೇಡು! ನಿಮ್ಮವ್ವ ರಸ್ತೆ ಬದಿ ಅಲಸಂದೆ ವಡೆ ಕರಿಯೋಳು. ಎಣ್ಣೆ ಬಾಣಲಿ ಮುಂದೆ ಬೆಳೆದ ಕೈಗೆ ನೀಲಿ ಹತ್ತುತ್ತೇನೇ?”

ಹಿರಿಯ ಸವತಿ ಅವೆರೊ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಅಶಾಬಿಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ತುಟಿಗೇ ಬಂದಿತ್ತು, ಅದೂ ಎಂಥ ಉತ್ತರ! ಆದರೆ ಪಕ್ಕದಲ್ಲೇ ನೀಲಿ ಎಲೆಯ ಮಡಕೆ ಹುದುಗುತ್ತಿತ್ತು. ಹುದುಗುವ ಮಡಕೆಯ ಮುಂದೆ ಜಗಳವಾಡಿದರೆ ಬಣ್ಣದ ದೇವತೆ ತಾಯಿ ಇಯಾ ಮಾಪೊ ಮುನಿಸಿಕೊಂಡು ಎದ್ದು ಹೋಗುತ್ತಾಳೆ, ಬಣ್ಣ ಸಾಯುತ್ತದೆ. ಅಬೆಯೊಕುಟ ಊರಿನಲ್ಲಿ ಇದು ಎಳೆಮಕ್ಕಳಿಗೂ ಗೊತ್ತು. ಒಬ್ಬಳೇ ಕೂಗಾಡಿದರೆ ತಾಯಿ ಲೆಕ್ಕಕ್ಕಿಡುವುದಿಲ್ಲ. ಎದುರುತ್ತರ ಬಂದರೆ ಮಾತ್ರ ಅದು ಜಗಳ. ಅಶಾಬಿಯ ಹಿಂದಿನ ಮಡಕೆ ಸತ್ತದ್ದೂ ಹಾಗೆಯೇ. ಅವೆರೊ ಒಂದು ಅಂದಳು, ಇವಳು ಹತ್ತು ಅಂದಳು, ಬೆಳಗಾಗುವಷ್ಟರಲ್ಲಿ ಮಡಕೆಯಲ್ಲಿ ಬರೀ ಕೊಳಚೆ ನೀರು.

ಅತ್ತೆ ಇಯಾ ಅಲಾರೊ ಆ ದಿನವೇ ಹೇಳಿಬಿಟ್ಟಿದ್ದಳು. “ನನಗೆ ಕೈ ನಡುಗ್ತದೆ ಕಣಮ್ಮ, ಈ ಮಡಕೆ ಇನ್ನು ನನ್ನಿಂದಾಗಲ್ಲ. ಇನ್ನೊಂದೇ ಸಲ ನೋಡ್ತೀನಿ. ಬಟ್ಟೆ ಕಡುನೀಲಿ ಬಂದ್ರೆ ಮಡಕೆ ನಿಂದು. ಬರದಿದ್ರೆ ಅವೆರೊದು, ನೀನು ಹೋಗಿ ನಿಮ್ಮವ್ವನ ಜೊತೆ ವಡೆ ಕರಿ.” ಅವೆರೊ ಕೈಯಲ್ಲಿ ಬಣ್ಣ ಯಾವತ್ತೂ ತಿಳಿನೀಲಿ ದಾಟಿದ್ದಿಲ್ಲ. ಹಾಗಂತ ಮಡಕೆಯ ಮೇಲಿನ ಕಣ್ಣು ಹೋಗಿತ್ತೇ? ಕಿರಿಯವಳ ಬಾಯಿ ಬಿಡಿಸಿದರೆ ಸಾಕು, ಅವಳ ಕೆಲಸ ಆದ ಹಾಗೆ. ಅಶಾಬಿಗೋ ವಡೆಯ ಹೊಗೆ ಈ ಜನ್ಮಕ್ಕೆ ಸಾಕಾಗಿತ್ತು. ಈ ಮಡಕೆ ಅವಳಿಗೆ ಬೇಕೇ ಬೇಕಿತ್ತು.

ಏನು ಮಾಡುವುದೆಂದು ತೋಚದೆ ಅವಳು ಸೋರೆಬುರುಡೆಯಲ್ಲಿ ಮಡಕೆಯ ನೀರು ಮೊಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಬಣ್ಣ ಹಾಕುವವಳು ಬೆಳಿಗ್ಗೆ, ಸಂಜೆ ಮಡಕೆಯ ರುಚಿ ನೋಡುವುದು ಇದ್ದದ್ದೇ. ಇದು ಮಾತ್ರ ರುಚಿಗಲ್ಲ. ಬಾಯಿ ತುಂಬಿದ ಮೇಲೆ ಬೈಯುವುದೆಲ್ಲಿಂದ ಬಂತು? ಬೂದಿನೀರಿನ ಖಾರ ನಾಲಿಗೆಗೆ ಚುಚ್ಚಿತು, ಕೊಳೆತ ಎಲೆಯ ನಾತ ಮೂಗಿಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಅವೆರೊ ಗೊಣಗುತ್ತ ಒಳಗೆ ಹೋದ ಮೇಲೆ ಥೂ ಎಂದು ಉಗಿದಳು.

ಆಮೇಲೆ ಅದೇ ಅಭ್ಯಾಸವಾಯಿತು. ಕೋಳಿಪುಕ್ಕವನ್ನು ಬಣ್ಣ ತಡೆಯುವ ಗಂಜಿಯಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಹಕ್ಕಿ ಬಿಡಿಸುತ್ತ ಕೂತರೆ ಅವೆರೊ ಹಾಜರ್. “ಏನೇ, ಮೂಗಿಯಾದ್ಯಾ?” ಒಂದು ಗುಟುಕು. “ನಿನ್ನ ಮಗಳು ನಡೆಯೋದು ನೋಡು, ಥೇಟ್ ಬಾತುಕೋಳಿ!” ಇನ್ನೊಂದು ಗುಟುಕು.

ಒಂದು ಮಧ್ಯಾಹ್ನ ಅವೆರೊ ಅಂಗಳದ ತುಂಬ ಕೇಳುವಂತೆ ಅಂದಳು: “ಬಿಕರಿಯಾಗದೆ ಉಳಿದ ವಡೆ ಥರ ನಿಮ್ಮವ್ವ ನಿನ್ನ ನಮ್ಮನೆಗೆ ದಾಟಿಸಿದ್ಲು!”

ಅಶಾಬಿ ದಡಕ್ಕನೆ ಎದ್ದಳು. ಬಾಯಿ ತೆರೆದೇಬಿಟ್ಟಿದ್ದಳು. ದೇವರು ದೊಡ್ಡವನು, ಕೈ ಬುರುಡೆಗೆ ಹೋಯಿತು. ಬಾಯಿ ತುಂಬ ತುಂಬಿಕೊಂಡವಳು ಹಾಗೇ ನಿಂತುಬಿಟ್ಟಳು. ಖಾರವಿಲ್ಲ. ಬೆಳಿಗ್ಗೆ ಚುಚ್ಚಿದ ನೀರು ಈಗ ಹುಳಿಹುಳಿ! ಮಡಕೆ ಕೆಡುತ್ತಿತ್ತು. ಓಡಿ ಹೋಗಿ ಬೂದಿನೀರು ತಂದು ಹುಯ್ದಳು, ಕೋಲಿನಿಂದ ಕಲಕಿದಳು, ಮುಚ್ಚಿದಳು. ಹಿಂದೆ ಅವೆರೊ ಇನ್ನೂ ಕೂಗುತ್ತಲೇ ಇದ್ದಳು. ಇವಳಿಗೆ ಒಂದೂ ಕೇಳಿಸಲಿಲ್ಲ. ಸಂಜೆ ರುಚಿ ನೋಡಿದರೆ ಖಾರ ಮತ್ತೆ ಚುರ್ರೆಂದಿತು.

ಬಟ್ಟೆ ಅದ್ದುವ ದಿನ ಅತ್ತೆ ಮಣೆ ಹಾಕಿಸಿಕೊಂಡು ಕೂತಳು. ಮಡಕೆಯಿಂದ ಹಸಿರಾಗಿ ಎದ್ದ ಬಟ್ಟೆ ಗಾಳಿಗೆ ನೀಲಿಯಾಯಿತು. ಅಶಾಬಿ ಮತ್ತೆ ಅದ್ದಿದಳು, ಮತ್ತೆ ಗಾಳಿಗೆ ಹಿಡಿದಳು. ಅವೆರೊಳ ಬಣ್ಣ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಇದು ನಿಲ್ಲಲಿಲ್ಲ. ಅದ್ದಿದಷ್ಟೂ ಕಪ್ಪಗಾಗುತ್ತ ಹೋಯಿತು. ಒಣಗಿದ ಗಂಜಿ ಕೆರೆದರೆ ಕಡುನೀಲಿಯಲ್ಲಿ ಬೆಳ್ಳನೆಯ ಹಕ್ಕಿಗಳು! ಅಶಾಬಿಗೆ ಕುಣಿಯಬೇಕೆನಿಸಿತು. ಕುಣಿದೇಬಿಟ್ಟಳು.

ಅತ್ತೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ನಡುಮಧ್ಯಾಹ್ನ ಬೂದಿನೀರು ಹುಯ್ದೆಯಲ್ಲ, ನಾನು ಬಾಗಿಲಿಂದ ನೋಡ್ದೆ. ಸಂಜೆತನಕ ಬಿಟ್ಟಿದ್ರೆ ಸತ್ತೇ ಹೋಗ್ತಿತ್ತು. ಆ ಹೊತ್ತಲ್ಲಿ ಯಾರೂ ರುಚಿ ನೋಡಲ್ಲ, ನಾನೂ ನೋಡಿದೋಳಲ್ಲ. ನಿಂಗೆ ಹೆಂಗೆ ಗೊತ್ತಾಯ್ತೇ?”

ಅಶಾಬಿ ಅವೆರೊ ಕಡೆ ತಿರುಗಿದಳು. ಕೆಲಸ ಮುಗಿದಿತ್ತು, ಈಗ ಏನು ಬೇಕಾದರೂ ಅನ್ನಬಹುದಿತ್ತು. ಇಷ್ಟು ದಿನ ನುಂಗಿದ್ದು ಒಂದೇ ಎರಡೇ?

“ಅಕ್ಕ ಬೈದಾಗಲೆಲ್ಲ ಒಂದು ಗುಟುಕು ಹಾಕ್ಕೊಂಡೆ ಅತ್ತೆ,” ಎಂದಳು. ಮತ್ತೆ ನಾಲಿಗೆ ಹೊರಗೆ ಚಾಚಿದಳು. ತುದಿಯಿಂದ ಬುಡದವರೆಗೆ ನೀಲಿ.

ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಲಕುವ ಕೋಲನ್ನು ಅಶಾಬಿಯ ಕೈಗಿಟ್ಟಳು. ಆಮೇಲೆ, ಮೆಲ್ಲಗೆ ಒಳಗೆ ಜಾರುತ್ತಿದ್ದ ಹಿರಿಸೊಸೆಯನ್ನು ಕರೆದಳು.

“ಅವೆರೊ, ನಾಳೆ ಹೊಸ ಮಡಕೆ ಹಾಕ್ತೀವಿ. ಮಧ್ಯಾಹ್ನ ಬಂದು ಬೈಯೋದು ಮರೀಬೇಡಮ್ಮ.”